ಎಜಿದಿಯೊ ಆರಿಸಿಕೊಂಡ ಅಜ್ಜ

ಮೊಂತೆಸ್ಪಿನೊದಲ್ಲಿ ಹುಟ್ಟಿ ಮೊಂತೆಸ್ಪಿನೊದಲ್ಲೇ ಮುದುಕನಾಗುವುದು ಎಂಥ ದಡ್ಡತನ ಎಂಬುದು ಎಜಿದಿಯೊ ಪಲುಂಬೊನಿಗೆ ಹೊಳೆದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಬೇರೆಯವನ ಸೂಟ್‌ಕೇಸ್ ಹೊತ್ತು ಚರ್ಚಿನ ದಿಬ್ಬ ಹತ್ತುತ್ತಿರುವಾಗ. ಸೂಟ್‌ಕೇಸಿನ ಒಡೆಯ ಅರ್ಜೆಂಟೀನಾದಿಂದ ಬಂದ ರೂಬೆನ್ ಪಲುಂಬೊ ಎಂಬಾತ. ಅವನ ಮುತ್ತಾತ ಊರಿನಲ್ಲಿ ಹೊಟ್ಟೆಗೆ ಗತಿಯಿಲ್ಲದೆ ಹಡಗು ಹತ್ತಿದ್ದ; ಈಗ ಮರಿಮಗ ವಂಶವೃಕ್ಷ ಸುರುಳಿ ಸುತ್ತಿಕೊಂಡು ಬಂದಿದ್ದ. ಬಂದವನು ಚೌಕದ ಕಾರಂಜಿಯ ಮುಂದೆ ನಿಂತು ಗಳಗಳನೆ ಅತ್ತ. ನೀರು ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಅತ್ತ. ಮೇಯರ್ ಫುಲ್ವಿಯೊ ಸ್ಕಾರಾನೊ ಅಧಿಕಾರದ ಮೂರು ಬಣ್ಣದ ಪಟ್ಟಿಯನ್ನು ಹೆಗಲಿಗೇರಿಸಿ ಓಡಿಬಂದು ಅವನನ್ನು ತಬ್ಬಿಕೊಂಡ. ಬಾರಿನಲ್ಲಿ ಕಾಫಿ ಪುಕ್ಕಟೆ ಸಿಕ್ಕಿತು. ಹಾಲಿನವನು ಒಂದಿಡೀ ಚೀಸಿನ ಗಡ್ಡೆ ಕೊಟ್ಟ. ಸೂಟ್‌ಕೇಸ್ ಹೊತ್ತು ತಂದ ಎಜಿದಿಯೊನ ಕೈಗೆ ರೂಬೆನ್ ಎರಡು ಯೂರೊ ಇಟ್ಟು ಬೆನ್ನು ತಟ್ಟಿದ.

ಅಪಮಾನವೆಂದರೆ ಇದು. ಎಜಿದಿಯೊ ಮೂವತ್ತು ವರ್ಷ ಆ ಊರಿನ ಪ್ರತಿ ಮನೆಗೂ ಹೋಗಿ ನೀರಿನ ಮೀಟರ್ ಓದಿದ್ದ. ಅದೇ ಕಾರಂಜಿಯ ನೀರನ್ನು ಹುಟ್ಟಿದಾಗಿನಿಂದ ಕುಡಿಯುತ್ತಿದ್ದ. ಒಬ್ಬರಾದರೂ ಬಂದು ತಬ್ಬಿಕೊಂಡದ್ದಿಲ್ಲ.

"ಓಡಿಹೋದೋರಿಗೆ ಮಾತ್ರ ಮುತ್ತಜ್ಜಂದಿರು ಇರ್ತಾರಾ?" ಎಂದು ಅವನು ಬಾರಿನಲ್ಲಿ ಕೇಳಿದ. "ಇಲ್ಲೇ ಉಳಿದೋರು ಏನು, ಎಲೆಕೋಸಿನ ಒಳಗಿಂದ ಹುಟ್ಟಿದ್ವಾ?"

"ನೀನು ಎಲ್ಲಿಂದ ಹುಟ್ಟಿದ್ದು ಅಂತ ಊರಿಗೇ ಗೊತ್ತಲ್ಲ," ಎಂದ ಅವನ ಹೆಂಡತಿಯ ತಮ್ಮ ಒರೆಸ್ತೆ, ಇಸ್ಪೀಟು ಎಲೆಯಿಂದ ಕಣ್ಣೆತ್ತದೆ. "ಬೀಜ ತೆಗೆಯೋರ ಮನೆಯಿಂದ."

ಮೊಂತೆಸ್ಪಿನೊದಲ್ಲಿ ಅರ್ಧ ಊರೇ ಪಲುಂಬೊ. ಸಾಲದ್ದಕ್ಕೆ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿನ ನಿಯಮ. ಒಬ್ಬ ಮುದುಕನಿಗೆ ಮೂವರು ಗಂಡುಮಕ್ಕಳಿದ್ದರೆ ಅದೇ ಹೆಸರಿನ ಮೂವರು ಮೊಮ್ಮಕ್ಕಳು ಒಂದೇ ಬೀದಿಯಲ್ಲಿ ಮೂಗು ಸುರಿಸಿಕೊಂಡು ಓಡಾಡುತ್ತಿರುತ್ತಾರೆ. ಹೀಗಾಗಿ ಗುರುತು ಹಿಡಿಯಲು ಪ್ರತಿ ಮನೆಗೂ ಒಂದು ಅಡ್ಡಹೆಸರು. ಎಜಿದಿಯೊನ ಮುತ್ತಾತ ಹಂದಿಮರಿಗಳ ಬೀಜ ತೆಗೆಯುವುದರಲ್ಲಿ ಪಳಗಿದ ಕೈ ಎಂದು ಊರು ಹೇಳುತ್ತಿತ್ತು. ಅಡ್ಡಹೆಸರು ಹಾಗೇ ಉಳಿದಿತ್ತು.

"ಅದೆಲ್ಲ ಹೊಟ್ಟೆಕಿಚ್ಚಿನೋರು ಕಟ್ಟಿದ ಕಥೆ," ಎಂದು ಎಜಿದಿಯೊ ಎದ್ದು ನಿಂತ. "ಕಾಗದ ಏನು ಹೇಳುತ್ತೆ ನೋಡೋಣ."

ಮರುದಿನ ಬೆಳಿಗ್ಗೆ ಅವನು ಪುರಸಭೆಯ ಜನನ ಮರಣ ಕಚೇರಿಯಲ್ಲಿದ್ದ. ಅಲ್ಲಿನ ಅಧಿಕಾರಿ ಒಲಿಂಪಿಯಾ ಉಪ್ಪುನೀರಿನಲ್ಲಿ ನೆನೆಸಿದ ಕಾಳುಗಳನ್ನು ಒಂದೊಂದಾಗಿ ಸಿಪ್ಪೆ ಹಿಸುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಜನ ಒಳಗೆ ಬಂದರೆ ಆಕೆಗೆ ಕೋಪ ಬರುತ್ತಿತ್ತು; ಅದನ್ನು ಆಕೆ ಎಂದೂ ಮುಚ್ಚಿಡುತ್ತಿರಲಿಲ್ಲ.

"ಏನು ಎಜಿದಿಯೊ, ಮೀಟರ್ ಓದೋಕೆ ಬಂದ್ರಾ? ನಿಮ್ಮನ್ನ ಮನೆಗೆ ಕಳಿಸಿ ವರ್ಷಗಳಾಯ್ತಲ್ಲ."

"ನಂಗೆ ನಮ್ಮಜ್ಜನ ಜನನ ದಾಖಲೆ ಬೇಕು. ಎಜಿದಿಯೊ ಪಲುಂಬೊ. ನನ್ನದೇ ಹೆಸರು."

ಒಲಿಂಪಿಯಾ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ತಲೆದಿಂಬಿನಷ್ಟು ದಪ್ಪದ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಕುಕ್ಕಿದಳು. ಎಜಿದಿಯೊಗೆ ಸೀನು ಬಂತು.

"ಇಗೋ, ಎಜಿದಿಯೊ ಪಲುಂಬೊ ಅಂತ ಮೂವರಿದ್ದಾರೆ. ಮೂವರೂ ಒಂದೇ ಕಾಲದಲ್ಲಿ ಹುಟ್ಟಿದೋರು, ಅಣ್ಣತಮ್ಮಂದಿರ ಮಕ್ಕಳು. ಯಾವುದು ಕೊಡ್ಲಿ?"

ಎಜಿದಿಯೊ ಒಂದು ಕ್ಷಣ ಯೋಚಿಸಿದ. "ಚೆನ್ನಾಗಿರೋದು ಕೊಡಿ," ಎಂದ.

ಕಲ್ಲಂಗಡಿ ಆರಿಸುವವನಂತೆ ಅವನು ಮೂರನ್ನೂ ನೋಡಿದ. ಮೊದಲನೆಯ ಎಜಿದಿಯೊ ದೊನಾತೊ ಎಂಬವನ ಮಗ. ಅಪ್ಪನ ಕಸುಬಿನ ಜಾಗದಲ್ಲಿ, ಯಾವುದೇ ದಾಕ್ಷಿಣ್ಯವಿಲ್ಲದೆ, ಹಂದಿಗಳ ಬೀಜ ತೆಗೆಯುವವನು ಎಂದು ಬರೆದಿತ್ತು. ಎಜಿದಿಯೊ ಅದನ್ನು ಅಂಗೈಯಿಂದ ಮುಚ್ಚಿದ. ಎರಡನೆಯವನು ಒಬ್ಬ ದಿನಗೂಲಿಯ ಮಗ. ಮೂರನೆಯವನು ರೊಕ್ಕೊ ಪಲುಂಬೊ ಮತ್ತು ದೋನ್ನಾ ಕೊಸ್ತಾನ್ಸಾ ದೆ ಪಂತಾನೊ ದಂಪತಿಗಳ ಮಗ. ದೆ ಪಂತಾನೊ ಎಂದರೆ ಒಂದು ಕಾಲಕ್ಕೆ ಊರಿನ ಒಡೆಯರಾಗಿದ್ದ ಬಾರೊನರ ಮನೆತನ. ಎಜಿದಿಯೊನ ಬೆರಳು ಅಲ್ಲಿಂದ ಏಳಲಿಲ್ಲ.

"ಇವನೇ ನಿಮ್ಮಜ್ಜ ಅನ್ನೋದು ಖಾತ್ರಿನಾ?" ಎಂದಳು ಒಲಿಂಪಿಯಾ.

"ರಕ್ತ ಹೇಳ್ತಾ ಇದೆ."

"ರಕ್ತಕ್ಕೆ ಮುದ್ರೆ ಹಾಕೋಕೆ ನಂಗೆ ಅಧಿಕಾರ ಇಲ್ಲ. ನಕಲಿಗೆ ಹಾಕ್ತೀನಿ. ಇದು ಆ ಪುಸ್ತಕದಲ್ಲಿರೋ ಎಜಿದಿಯೊನ ನಕಲು, ಅಷ್ಟೇ. ಅವನು ನಿಮಗೇನಾಗಬೇಕು ಅನ್ನೋದು ನೀವುಂಟು, ನಿಮ್ಮ ರಕ್ತ ಉಂಟು."

ಮುದ್ರೆ ಬಿತ್ತು. ಆ ಪೆಟ್ಟಿನ ಸದ್ದು ಕೇಳಿದ ಕೂಡಲೇ ಎಜಿದಿಯೊನ ಬೆನ್ನು ನೆಟ್ಟಗಾಯಿತು.

ಅಲ್ಲಿಂದ ನೇರ ಚರ್ಚಿಗೆ. ಪುರಸಭೆಯ ಪುಸ್ತಕಗಳಿಗಿಂತ ಹಿಂದಿನ ಕಾಲದ್ದೆಲ್ಲ ಇದ್ದದ್ದು ಪಾದ್ರಿ ದೋನ್ ಸಿಲ್ವೆರಿಯೊ ಅವರ ಬೀರುವಿನಲ್ಲಿ, ಜ್ಞಾನಸ್ನಾನದ ಪುಸ್ತಕಗಳಲ್ಲಿ. ಪಾದ್ರಿಗಳು ಒಳ್ಳೆಯವರು, ಸ್ವಲ್ಪ ಕಿವುಡು, ಹೆಚ್ಚು ಕೇಳಿಸಿಕೊಳ್ಳುವ ಆಸೆಯೂ ಇಲ್ಲ. ಎಜಿದಿಯೊ ಆ ಲ್ಯಾಟಿನ್ ಸಾಲುಗಳ ಮೇಲೆ ಮೀಟರಿನ ಅಂಕಿ ಓದುವ ಭೂತಗನ್ನಡಿ ಹಿಡಿದು, ಒಬ್ಬ ಬಾರೊನನಿಂದ ಇನ್ನೊಬ್ಬ ಬಾರೊನನಿಗೆ ಜಿಗಿಯುತ್ತ, ಆ ಸೀಮೆಯನ್ನು ಸ್ಪೇನಿನ ರಾಜರು ಆಳುತ್ತಿದ್ದ ಕಾಲದವರೆಗೆ ಹೋಗಿ ಮುಟ್ಟಿದ.

"ಎಜಿದಿಯೊ, ಬೇರೆ ಇಬ್ಬರಿಗೂ ಜ್ಞಾನಸ್ನಾನ ಆಗಿದ್ದು ಇದೇ ಚರ್ಚಲ್ಲಿ," ಎಂದು ಪಾದ್ರಿಗಳು ಮೆಲ್ಲಗೆ ಹೇಳಿದರು. "ಅವರನ್ನೂ ಒಂದ್ಸಲ ನೋಡಬಾರದಾ?"

"ಅವರು ಬೇಡ ಸ್ವಾಮಿ. ಅವರಿಂದ ನಂಗೇನೂ ಉಪಯೋಗ ಇಲ್ಲ."

ಆಮೇಲಿನ ಕೆಲವು ವಾರ ಊರಿಗೆ ಒಳ್ಳೆಯ ಮನರಂಜನೆ. ಬಾರೊನರ ಹಳೆಯ ಬಂಗಲೆಯ ಕೆಳಭಾಗದಲ್ಲಿ ಈಗ ಔಷಧಿ ಅಂಗಡಿ. ಎಜಿದಿಯೊ ಕೆಮ್ಮಿನ ಸಿರಪ್ಪು ಕೊಳ್ಳಲು ಹೋಗಿ, ಛಾವಣಿಯನ್ನು ದಿಟ್ಟಿಸಿ, "ಗೋಡೆಗೆ ತೇವ ಬಿಟ್ಟಿದ್ದೀರಿ. ಮುತ್ತಜ್ಜಿ ನೋಡಿದ್ರೆ ಸಂಕಟಪಡ್ತಿದ್ಲು," ಎಂದ. ಕಾಫಿ ಲೋಟವನ್ನು ಎರಡು ಬೆರಳಲ್ಲಿ ಹಿಡಿಯತೊಡಗಿದ; ಒಮ್ಮೆ ಜಾರಿ ಪ್ಯಾಂಟಿನ ಮೇಲೆ ಬಿತ್ತು. ವಂಶಲಾಂಛನ ಬರೆಸಲು ಪೇಂಟರನ್ನು ಹಿಡಿದ. ದೆ ಪಂತಾನೊ ಮನೆತನದ ಗುರುತು ಕೆರೆಯಲ್ಲಿ ನಿಂತ ಬಕಪಕ್ಷಿ. ಪಾಪ, ಆ ಪೇಂಟರು ಜೀವಮಾನವೆಲ್ಲ ಮಾಂಸದಂಗಡಿಗಳ ಬೋರ್ಡು ಬರೆದವನು. ಅವನು ಬರೆದ ಬಕ ಪುಕ್ಕ ಕಿತ್ತ ಕೋಳಿಯಂತೆ, ಬೇಯಿಸಲು ನೀರಿಗೆ ಇಳಿಸಿದಂತೆ ಕಾಣುತ್ತಿತ್ತು. ಎಜಿದಿಯೊ ಅದನ್ನು ಮನೆಯ ಬಾಗಿಲ ಮೇಲೆ ಹೊಡೆಸಿದ. ಇಬ್ಬರು ಬಂದು ಮೊಟ್ಟೆ ಇದೆಯಾ ಎಂದು ಕೇಳಿ ಹೋದರು.

ಅವನ ಹೆಂಡತಿ ಕ್ಲೊರಿಂದಾ ಅಡುಗೆಮನೆಯಲ್ಲಿ ಕೂತು ಅವರೆ ಬಿಡಿಸುತ್ತಿದ್ದಳು.

"ಬಾರೊನರೇ, ಕಸದ ಬುಟ್ಟಿ ಆಚೆ ಇಟ್ಟುಬನ್ನಿ," ಎಂದಳು.

"ಕ್ಲೊರಿಂದಾ, ನಮ್ಮಂಥ ಮನೆತನದೋರು ಕಸ ಹೊರೋದು ಚೆನ್ನಾಗಿರಲ್ಲ."

"ನಿಮ್ಮಂಥ ಮನೆತನದೋರು ಊಟ ಮಾಡ್ತೀರೋ ಇಲ್ವೋ?"

ಅವನು ಕಸ ಇಟ್ಟುಬಂದ. ಬಂದು ಮತ್ತೆ ದೋನ್ನಾ ಕೊಸ್ತಾನ್ಸಾಳ ಕುರಿತು ಮಾತಾಡಿದ. ಎಂಥ ಹೆಣ್ಣು, ಎಂಥ ಘನತೆ, ರೇಷ್ಮೆಯಲ್ಲೇ ಹುಟ್ಟಿ ರೇಷ್ಮೆಯಲ್ಲೇ ಕಣ್ಣುಮುಚ್ಚಿರಬೇಕು. ಕ್ಲೊರಿಂದಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವರೆ ಬಿಡಿಸುವುದನ್ನು ಮುಂದುವರಿಸಿದಳು.

ಮೇಯರ್ ಸ್ಕಾರಾನೊಗೆ ಪಟ್ಟಿ ಧರಿಸಲು ಯಾವ ನೆಪವೂ ಸಾಕು. ಅರ್ಜೆಂಟೀನಾದವನು ಹೋದ ಮೇಲೆ ಆ ಪಟ್ಟಿ ಗೂಟದಲ್ಲಿ ನೇತಾಡುತ್ತಿತ್ತು. ಹೀಗಾಗಿ ಮೇ ತಿಂಗಳ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಪುರಸಭೆಯ ಸಭಾಂಗಣದಲ್ಲಿ ಸಮಾರಂಭ ಏರ್ಪಾಟಾಯಿತು. ಕೊನೆಗೆ ಬಿಸ್ಕತ್ತು ಮತ್ತು ವೈನ್ ಇದೆ ಎಂದು ಗೊತ್ತಾದ್ದರಿಂದ ಊರೆಲ್ಲ ಸೇರಿತ್ತು. ಮೇಯರ್ ಚರ್ಮದ ಹಾಳೆಯೊಂದನ್ನು ಬಿಚ್ಚಿ, ಗಂಟಲು ಸರಿಪಡಿಸಿಕೊಂಡು, ಎಜಿದಿಯೊ ಪಲುಂಬೊ ಇವರು ದೋನ್ನಾ ಕೊಸ್ತಾನ್ಸಾ ದೆ ಪಂತಾನೊ ಅವರ ನೇರ ಮರಿಮಗ ಎಂದು ಪುರಸಭೆ ಹೆಮ್ಮೆಯಿಂದ ಸಾರುತ್ತದೆ ಎಂದು ಓದಿದ. ಎಜಿದಿಯೊ ಗಲ್ಲ ಎತ್ತಿದ.

"ಭಾವ," ಎಂದು ಒರೆಸ್ತೆ ಮೂರನೆಯ ಸಾಲಿನಿಂದ ಎದ್ದ. "ಯಾವ ಕೊಸ್ತಾನ್ಸಾ?"

"ಬಾರೊನರ ಮಗಳು. ಕೂತ್ಕೊ."

"ಅವಳಪ್ಪ ಇಸ್ಪೀಟಲ್ಲಿ ಬಂಗಲೆ ಕಳೆದ ಮೇಲೆ ರೊಕ್ಕೊನ ಮದ್ವೆ ಆಗಿ, ಸಂತೇಲಿ ಮೊಟ್ಟೆ ಮಾರ್ತಿದ್ಲಲ್ಲ, ಆ ಕೊಸ್ತಾನ್ಸಾನಾ?"

"ಅದು ಮನೆತನದ ಕಷ್ಟಕಾಲ," ಎಂದ ಎಜಿದಿಯೊ. ಮೊಟ್ಟೆಯ ವಿಷಯ ಅವನು ಕೇಳುತ್ತಿದ್ದದ್ದು ಅದೇ ಮೊದಲು.

"ಅಲ್ಲ ಭಾವ, ಅವಳು ನಮ್ಮಜ್ಜಿಯ ಅಮ್ಮ. ನಂಗೂ ಕ್ಲೊರಿಂದಾಗೂ ಮುತ್ತಜ್ಜಿ."

ಹಿಂದಿನ ಸಾಲಿನ ಕಪ್ಪು ಶಾಲಿನ ಮುದುಕಿಯೊಬ್ಬಳು ಎಲ್ಲರ ಪರವಾಗಿ ಲೆಕ್ಕ ಹಾಕಿದಳು. "ಹಾಗಾದ್ರೆ ಗಂಡ ಹೆಂಡ್ತಿ ಇಬ್ರೂ ಒಂದೇ ಮುತ್ತಜ್ಜಿಯ ಮರಿಮಕ್ಕಳು."

ಎಲ್ಲ ತಲೆಗಳೂ ಪಾದ್ರಿಗಳ ಕಡೆ ತಿರುಗಿದವು. ಈ ಮಾತು ಮಾತ್ರ ಪಾದ್ರಿಗಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಮೂರನೇ ತಲೆ," ಎಂದರು. "ಎಜಿದಿಯೊ, ನಿಮ್ಮ ಮದುವೆ ಆಗಿದ್ದು ಯಾವ ವರ್ಷ?"

"ಎಪ್ಪತ್ತೊಂಬತ್ತು."

"ಛೆ. ಇನ್ನು ನಾಲ್ಕು ವರ್ಷ ತಡಕೊಂಡಿದ್ರೆ ಆಗ್ತಿತ್ತು. ಎಂಬತ್ಮೂರರಲ್ಲಿ ಚರ್ಚಿನ ಕಾನೂನು ಸಡಿಲ ಮಾಡಿದ್ರು. ಆವಾಗ ಮೂರು ತಲೆಯೊಳಗಿನ ನೆಂಟರು ಮದುವೆ ಆಗಬೇಕಾದ್ರೆ ಬಿಷಪ್ಪರಿಂದ ವಿನಾಯಿತಿ ತರಬೇಕಿತ್ತು. ನೀವು ತಂದಿದ್ರಾ?"

"ಯಾಕೆ ತರಬೇಕಿತ್ತು? ನಾವು ನೆಂಟರೇ ಆಗಿರ್ಲಿಲ್ಲವಲ್ಲ."

"ಈಗ ಆಗಿದ್ದೀರಿ."

ಕ್ಲೊರಿಂದಾ ಮುಂದಿನ ಸಾಲಿನಲ್ಲಿ ಕೂತಿದ್ದವಳು ಎದ್ದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಎಜಿದಿಯೊನನ್ನು ಆಮೇಲೆ ಬಹಳ ದಿನ ಕಾಡಿದ್ದು ಅದೇ.

"ಸ್ವಾಮಿ, ಅಂದ್ರೆ ನಂಗೆ ಮದ್ವೆ ಆಗಿಲ್ಲ."

"ನೋಡಮ್ಮ, ಇದಕ್ಕೆಲ್ಲ ದಾರಿ ಇದೆ, ಬಿಷಪ್ಪರ ಹತ್ರ..."

"ಆಗಿದೆಯೋ ಇಲ್ವೋ, ಅಷ್ಟು ಹೇಳಿ."

"ಆ ಕಾಗದದಲ್ಲಿರೋದು ನಿಜ ಆದ್ರೆ, ಆಗಿಲ್ಲ."

"ಪುರಸಭೆ ಓದಿದ್ದು ಸುಳ್ಳಾಗಲ್ಲ," ಎಂದು ಮೇಯರ್ ಎದೆಯುಬ್ಬಿಸಿ ಹೇಳಿದ. ಆಮೇಲೆ ತಾನೇನು ಹೇಳಿದೆನೆಂದು ತಿಳಿದು, "ಆದ್ರೆ ಪುರಸಭೆ ಲೆಕ್ಕದಲ್ಲಿ ನೀವಿಬ್ಬರೂ ಗಂಡ ಹೆಂಡ್ತಿಯೇ ಕ್ಲೊರಿಂದಾ," ಎಂದ.

"ನಾನು ಪುರಸಭೇಲಿ ಮದ್ವೆ ಆಗಿದ್ದಲ್ಲ. ಚರ್ಚಲ್ಲಿ," ಎಂದು ಕ್ಲೊರಿಂದಾ ಕೈಚೀಲ ಎತ್ತಿಕೊಂಡು ಹೊರಟಳು. ಬಾಗಿಲ ಬಳಿ ತಟ್ಟೆಯಿಂದ ಎರಡು ಬಿಸ್ಕತ್ತು ತೆಗೆದುಕೊಂಡಳು.

ಸನ್ಮಾನಿತ ಬಾರೊನ ಮನೆಗೆ ಬಂದಾಗ ಬಾಗಿಲು ಹಾಕಿತ್ತು. ಹೊರಗೆ ಕುರ್ಚಿಯ ಮೇಲೆ ಅವನ ದಿಂಬು, ಮಡಚಿಟ್ಟ ರಾತ್ರಿಯುಡುಪು, ರಕ್ತದೊತ್ತಡದ ಮಾತ್ರೆ. ಮೇಲೆ ಪುಕ್ಕ ಕಿತ್ತ ಬಕ.

"ಕ್ಲೊರಿಂದಾ, ಬಾಗಿಲು ತೆಗಿ."

"ಒಂಟಿ ಹೆಂಗಸಿನ ಮನೆ ಇದು," ಎಂದು ಕಿಟಕಿಯಿಂದ ಉತ್ತರ ಬಂತು. "ಗಂಡಸರನ್ನ ಒಳಗೆ ಬಿಟ್ಟುಕೊಂಡ್ರೆ ಊರು ಏನನ್ನುತ್ತೆ?"

"ನಲವತ್ತು ವರ್ಷ ಒಟ್ಟಿಗಿದ್ದೀವಲ್ಲೇ."

"ಗೊತ್ತಿರ್ಲಿಲ್ಲ. ಪಾಪ ತಟ್ಟಲ್ಲ. ಇನ್ನು ಗೊತ್ತಿದ್ದೂ ಮಾಡಿದ್ರೆ ತಟ್ಟುತ್ತೆ."

ಬೀದಿಯ ಹೆಂಗಸರು ಕುರ್ಚಿಗಳನ್ನು ಹೊರಗೆ ತಂದು ಹಾಕಿಕೊಂಡು ಕೂತರು. ಒಬ್ಬಳೂ ಎಜಿದಿಯೊನ ಪರ ಬರಲಿಲ್ಲ. ಬದಲಾಗಿ ಅವರ ಕಣ್ಣುಗಳಲ್ಲಿ ಏನೋ ಒಂದು ಹೊಸ ಹೊಳಪು ಕಾಣಿಸಿತು. ಸೋಮವಾರ ಬೆಳಿಗ್ಗೆ ಒಲಿಂಪಿಯಾಳ ಕಚೇರಿ ಮುಂದೆ ಹೆಂಗಸರ ಸಾಲು ಚೌಕದವರೆಗೆ ಬೆಳೆದಿತ್ತು. ಎಪ್ಪತ್ತು ಎಂಬತ್ತು ದಾಟಿದ ಗೃಹಿಣಿಯರೆಲ್ಲ ತಮ್ಮ ಗಂಡನ ಅಜ್ಜಿಯ ಹೆಸರು ಬರೆದ ಚೀಟಿ ಹಿಡಿದು, ತಮಗೂ ಅವನಿಗೂ ಎಲ್ಲಾದರೂ ನೆಂಟಸ್ತನ ಸಿಕ್ಕೀತೇ ಎಂದು ಆಸೆಯಿಂದ ನಿಂತಿದ್ದರು. ಸಿಗದವರು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು. ಊರಿನ ಗಂಡಸರು ಎಜಿದಿಯೊನನ್ನು ಕಂಡರೆ ರಸ್ತೆ ದಾಟಿ ಹೋಗತೊಡಗಿದರು.

ಅವನಿಗೆ ತಲೆ ಇಡಲು ಜಾಗ ಸಿಕ್ಕಿದ್ದು ಒರೆಸ್ತೆಯ ನೆಲಮಾಳಿಗೆಯಲ್ಲಿ, ವೈನಿನ ಪೀಪಾಯಿಗಳ ನಡುವೆ. ನೆತ್ತಿಯ ಮೇಲೆ ಹಂದಿಮಾಂಸದ ಸಾಸೇಜುಗಳು ತೂಗುತ್ತಿದ್ದವು.

"ಇನ್ನು ಮೇಲೆ ನಿನ್ನನ್ನ ಭಾವ ಅನ್ನಬೇಕೋ ಅಣ್ಣ ಅನ್ನಬೇಕೋ ತಿಳೀತಿಲ್ಲ," ಎಂದ ಒರೆಸ್ತೆ ಕಂಬಳಿ ಕೊಡುತ್ತ. "ಬಾರೊನರು ಸಾಸೇಜ್ ಮುಟ್ಟಬಾರ್ದು. ಎಣಿಸಿಟ್ಟಿದ್ದೀನಿ."

ಎಜಿದಿಯೊ ಪಾದ್ರಿಗಳ ಬಳಿ ಓಡಿದ. ಪಾದ್ರಿಗಳು ಸಮಾಧಾನ ಹೇಳಿದರು. ಬಿಷಪ್ಪರು ಒಂದು ಸಹಿ ಹಾಕಿದರೆ ಸಾಕು, ಮದುವೆ ಬೇರಿನಿಂದಲೇ ಸರಿಹೋಗುತ್ತದೆ, ಮೊದಲ ದಿನದಿಂದಲೇ ಸರಿಯಿತ್ತು ಎಂದಾಗುತ್ತದೆ.

"ಹಾಗಾದ್ರೆ ಇವತ್ತೇ ಬರೀರಿ ಸ್ವಾಮಿ."

"ಬರೀತೀನಿ. ಆದ್ರೆ ಇಬ್ಬರಿಗೂ ಒಪ್ಪಿಗೆ ಇರಬೇಕು. ಕ್ಲೊರಿಂದಾನ ಕೇಳ್ದೆ. ಯೋಚನೆ ಮಾಡಿ ಹೇಳ್ತೀನಿ ಅಂದ್ಲು."

"ಯಾವಾಗ ಹೇಳ್ತಾಳಂತೆ?"

"ಟೊಮೇಟೊ ರಸ ಸೀಸೆಗೆ ತುಂಬೋ ಕೆಲಸ ಮುಗೀಲಿ ಅಂದ್ಲು."

"ಟೊಮೇಟೊ ಬರೋದು ಆಗಸ್ಟಲ್ಲಿ ಸ್ವಾಮಿ. ಗಿಡ ಈಗಿನ್ನೂ ಗೇಣುದ್ದ ಇದೆ."

ದೋನ್ ಸಿಲ್ವೆರಿಯೊ ಅವರಿಗೆ ಇದ್ದಕ್ಕಿದ್ದಂತೆ ಮತ್ತೆ ಕಿವಿ ಕೇಳಿಸದಾಯಿತು.

ಅವನು ಅವಳನ್ನು ದೂರದಿಂದ ನೋಡುತ್ತಿದ್ದ. ಅವಳು ಹಗಲುಹೊತ್ತಿನಲ್ಲಿ ಬಾರಿನ ಹೊರಗೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದಳು. ನೀಲಿ ಅಂಗಿ ಹಾಕಿದ್ದಳು. ಆ ಅಂಗಿಯನ್ನು ಅವನು ನೋಡಿರಲೇ ಇಲ್ಲ, ಅಥವಾ ನೋಡಿದ್ದರೂ ನೆನಪಿರಲಿಲ್ಲ. ಪಕ್ಕದ ಮನೆಯವಳು ಏನೋ ಹೇಳಿದ್ದಕ್ಕೆ ಕ್ಲೊರಿಂದಾ ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವಳು ಹಾಗೆ ನಗುತ್ತಾಳೆಂಬುದೂ ಅವನಿಗೆ ಹೊಸ ಸುದ್ದಿ. ಎಜಿದಿಯೊಗೆ ಹೆದರಿಕೆಯಾಯಿತು. ಆಗಸ್ಟ್ ಬಂದರೂ ಇವಳು ತನ್ನನ್ನು ಕರೆಯುವುದಿಲ್ಲ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. ಅವಳಿಲ್ಲದೆ ತನಗೆ ಒಂದು ಮೊಟ್ಟೆ ಬೇಯಿಸಿಕೊಳ್ಳಲೂ ಬರುವುದಿಲ್ಲ, ಬೇಯಿಸಿಕೊಂಡರೂ ಒಬ್ಬನೇ ತಿನ್ನಲು ಇಷ್ಟವಿಲ್ಲ ಎಂಬುದು, ಪೀಪಾಯಿಗಳ ನಡುವೆ ಕೂತು ಯೋಚಿಸಿದಾಗ ಆ ಮಂದ ತಲೆಗೂ ಹೊಳೆಯಿತು.

ಶುಕ್ರವಾರ ಅವನು ಮತ್ತೆ ಒಲಿಂಪಿಯಾಳ ಮುಂದೆ ನಿಂತ. ಹೆಂಗಸರ ಸಾಲಿನ ದೆಸೆಯಿಂದ ಆಕೆಗೆ ವಾರವಿಡೀ ಕಾಳು ತಿನ್ನಲು ಪುರುಸೊತ್ತಾಗಿರಲಿಲ್ಲ.

"ಒಲಿಂಪಿಯಾ, ನಂಗೆ ಬೇರೆ ಅಜ್ಜ ಕೊಡಿ."

"ಒಮ್ಮೆ ಕೊಂಡ ಮಾಲು ವಾಪಸ್ ತಗೊಳಲ್ಲ."

"ದಯವಿಟ್ಟು. ಆ ಮೊದಲನೇದು ಇನ್ನೂ ಇದೆಯಾ?"

ಒಲಿಂಪಿಯಾ ಅವನ ಬಾಡಿದ ಮುಖ ನೋಡಿ ಪುಸ್ತಕ ತಂದಳು. ಕರುಣೆಯಿಂದಲ್ಲ, ಬೇಗ ತೊಲಗಲಿ ಎಂದು. ಅವನು ಆರಿಸಿಕೊಂಡಿದ್ದ ಅಜ್ಜನ ಪುಟ ತೆಗೆದು, ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಬರೆದಿದ್ದ ಸಣ್ಣ ಸಾಲುಗಳ ಮೇಲೆ ಉಗುರಿನಿಂದ ಕುಟ್ಟಿದಳು. "ಇದನ್ನ ಓದಿದ್ರಾ?"

"ಅಂಚಿನಲ್ಲಿರೋದನ್ನ ಯಾರು ಓದ್ತಾರೆ?"

"ಓದೋರೆಲ್ಲ ಅಂಚನ್ನೇ ಓದ್ತಾರೆ. ಆಮೇಲೆ ಮದ್ವೆ ಆಯ್ತು, ಸತ್ತ ಅನ್ನೋದೆಲ್ಲ ಬರಿಯೋದು ಅಲ್ಲೇ. ಓದಿ."

ರೊಕ್ಕೊ ಮತ್ತು ದೋನ್ನಾ ಕೊಸ್ತಾನ್ಸಾರ ಮಗ ಎಜಿದಿಯೊ ಪಲುಂಬೊ ೧೯೧೮ರಲ್ಲಿ ಪಿಯಾವೆ ನದಿಯ ದಂಡೆಯಲ್ಲಿ ಯುದ್ಧದಲ್ಲಿ ಮಡಿದಿದ್ದ. ಅವಿವಾಹಿತ.

"ಇಪ್ಪತ್ತು ತುಂಬೋ ಮೊದಲೇ ಸತ್ತ," ಎಂದಳು ಒಲಿಂಪಿಯಾ. "ಅವನಿಗೆ ಮೊಮ್ಮಗ ಅಂತ ನೀವು ಹೇಗೆ ಹುಟ್ಟಿದ್ರಿ, ಅದನ್ನ ದೋನ್ ಸಿಲ್ವೆರಿಯೊ ಅವರನ್ನೇ ಕೇಳಬೇಕು. ಪವಾಡ ಅವರ ಇಲಾಖೆ."

ಅವಳು ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಚೌಕದ ನಡುವೆ ಯುದ್ಧದಲ್ಲಿ ಸತ್ತವರ ಸ್ಮಾರಕ. ಎಜಿದಿಯೊ ಕೆಳಗಿಳಿದು ಹೋಗಿ ನೋಡಿದ. ಎಜಿದಿಯೊ ಪಲುಂಬೊ, ರೊಕ್ಕೊನ ಮಗ. ಕಲ್ಲಿನಲ್ಲಿ ಕೆತ್ತಿತ್ತು. ಪ್ರತಿ ಸಂಜೆ ಆ ಹೆಸರಿಗೆ ಬೆನ್ನು ಆನಿಸಿ ಕೂತು ಅವನು ಎಷ್ಟು ಐಸ್‌ಕ್ರೀಮ್ ತಿಂದಿದ್ದನೋ ಲೆಕ್ಕವಿಲ್ಲ. ಅಕ್ಷರಗಳಲ್ಲಿ ಕೆಲವು ಅವನ ಬೆನ್ನಿಗೆ ಉಜ್ಜಿಯೇ ಸವೆದಿದ್ದವು.

ಕಚೇರಿಗೆ ಮರಳಿ ನೋಡಿದರೆ ಮೊದಲನೆಯ ಎಜಿದಿಯೊನ ಪುಟದ ಅಂಚಿನಲ್ಲಿ ಮದುವೆ ಬರೆದಿತ್ತು, ಹೆಣ್ಣಿನ ಹೆಸರು ಅವನ ಸ್ವಂತ ಅಜ್ಜಿಯದೇ. ಅಪ್ಪ ದೊನಾತೊ, ಹಂದಿಗಳ ಬೀಜ ತೆಗೆಯುವವನು. ಎಜಿದಿಯೊ ಆ ನಕಲನ್ನು ಎದೆಗೊತ್ತಿಕೊಂಡು ಚರ್ಚಿಗೆ ಓಡಿದ. ಪಾದ್ರಿಗಳು ಮತ್ತೆ ಬೆರಳು ಮಡಚಿದರು. ದೊನಾತೊ ಮತ್ತು ರೊಕ್ಕೊ ಅಣ್ಣತಮ್ಮಂದಿರು, ಅವರಪ್ಪ ಹಳೆಯ ಎಜಿದಿಯೊ. ಅಂದರೆ ಗಂಡ ಹೆಂಡತಿ ಹೇಗೂ ನೆಂಟರೇ. ಎರಡನೆಯ ಬೆರಳು, ಮೂರನೆಯ ಬೆರಳು. ಪಾದ್ರಿಗಳು ಅಲ್ಲಿ ನಿಂತು ಕೆಮ್ಮಿದರು. ಎಜಿದಿಯೊ ಬೆಂಚು ಹಿಡಿದುಕೊಂಡ.

"ನಾಲ್ಕು," ಎಂದರು ಪಾದ್ರಿಗಳು. "ಕಾನೂನು ಮೂರಕ್ಕೇ ನಿಲ್ಲುತ್ತೆ. ಮದುವೆ ಗಟ್ಟಿ."

ಆದರೆ ಕ್ಲೊರಿಂದಾ ಕಿಟಕಿಯಿಂದಲೇ ಕಾಗದ ಓದಿ ಹಿಂದಕ್ಕೆ ಕೊಟ್ಟಳು. ಊರ ಮುಂದೆ ಓದಿದ್ದನ್ನು ಊರ ಮುಂದೆಯೇ ಅಳಿಸಬೇಕು ಎಂದಳು. ಮೇಯರ್ ಒಪ್ಪಲಿಲ್ಲ. ಪುರಸಭೆ ಒಮ್ಮೆ ಹೆಮ್ಮೆಯಿಂದ ಸಾರಿದ್ದನ್ನು ನಾಚಿಕೆಯಿಂದ ಹಿಂದಕ್ಕೆ ಪಡೆದ ಉದಾಹರಣೆಯೇ ಇಲ್ಲವಂತೆ, ಚುನಾವಣೆ ಬೇರೆ ಹತ್ತಿರವಿತ್ತು. ಕೊನೆಗೆ ಶನಿವಾರ, ಸಂತೆಯ ಗದ್ದಲದ ನಡುವೆ, ಎಜಿದಿಯೊ ತಾನೇ ಸ್ಮಾರಕದ ಮೆಟ್ಟಿಲು ಹತ್ತಿ ನಿಂತ.

"ಕೇಳಿ, ಎಲ್ಲರೂ ಕೇಳಿ. ನಾನು ಬಾರೊನರ ವಂಶದೋನಲ್ಲ. ನಮ್ಮ ಮುತ್ತಾತ ದೊನಾತೊ. ಹಂದಿಗಳ ಬೀಜ ತೆಗೀತಿದ್ದ. ನಮ್ಮದು ಬೀಜ ತೆಗೆಯೋರ ಮನೆ."

ಸಂತೆ ಒಂದು ಗಳಿಗೆ ಅವನನ್ನು ನೋಡಿತು.

"ಅದು ನಮಗೆ ಗೊತ್ತಿರೋದೇ," ಎಂದ ಮೀನಿನವನು. "ಇಳಿ ಕೆಳಗೆ, ಗಿರಾಕಿಗಳಿಗೆ ಅಡ್ಡ ನಿಂತಿದ್ದೀಯ."

ಗಂಡಸರು ಮಾತ್ರ ಚಪ್ಪಾಳೆ ತಟ್ಟಿದರು. ಅವರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. "ಕಾಲು ಒರಸ್ಕೊಂಡು ಬಾ," ಎಂದಳು ಕ್ಲೊರಿಂದಾ. ಮೇಜಿನ ಮೇಲೆ ಅವರೆ ಹಾಕಿದ ಪಾಸ್ತಾ ಹಬೆಯಾಡುತ್ತಿತ್ತು. ಎಜಿದಿಯೊ ಕೂತು ಮೊದಲ ತಟ್ಟೆಯನ್ನು ಮಾತಿಲ್ಲದೆ ಮುಗಿಸಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದು ನಿಜವಾದ ನೀರೇ. ಎರಡನೆಯ ತಟ್ಟೆಗೆ ಮಾತು ಬಂತು.

"ಆ ಯುದ್ಧದಲ್ಲಿ ಸತ್ತ ಎಜಿದಿಯೊ ನಿಮ್ಮಜ್ಜಿಯ ಅಣ್ಣ, ಅಲ್ವಾ?"

"ಹೌದು. ಒಬ್ಬನೇ ಅಣ್ಣ."

"ನಿಂಗೆ ಮೊದಲಿಂದ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಮುನ್ನೂರು ವರ್ಷದ ಹಿಂದೆ ಸತ್ತೋರನ್ನೆಲ್ಲ ಎಬ್ಬಿಸಿ ಕೇಳ್ದೆ. ಎದುರು ಕೂತು ಅವರೆ ಬಿಡಿಸ್ತಿದ್ದೋಳನ್ನ ಕೇಳಲಿಲ್ಲ." ಅವಳು ಮೇಜಿನ ಮೇಲಿದ್ದ ಅವರೆ ಸಿಪ್ಪೆಗಳನ್ನು ಒಟ್ಟುಗೂಡಿಸಿದಳು. "ನಲವತ್ತು ವರ್ಷ ಎಜಿದಿಯೊ. ನಮ್ಮೋರು ಯಾರು, ಏನು, ಎತ್ತ, ಒಂದು ಮಾತು ನೀನು ಕೇಳಿಲ್ಲ. ಅದಕ್ಕೇ ನಂಗೆ ನೋವು."

ಎಜಿದಿಯೊ ಫೋರ್ಕು ಕೆಳಗಿಟ್ಟ. ಅವನ ಮುಖದಲ್ಲಿ ಪಶ್ಚಾತ್ತಾಪದಂಥ ಏನೋ ಒಂದು ಮೂಡತೊಡಗಿತು, ಅರ್ಧ ಮೂಡಿ ನಿಂತಿತು. ಅವನ ಹುಬ್ಬು ಮೇಲೇರಿತು. ಹೊರಗೆ ಬಕವಿದ್ದ ಬಾಗಿಲ ಕಡೆ ಕಣ್ಣು ಹೋಯಿತು.

"ಒಂದು ನಿಮಿಷ," ಎಂದ. "ಹಾಗಾದ್ರೆ ಬಾರೊನರ ವಂಶ ನೀನು. ಅಂದ್ರೆ ನಮ್ಮ ಮಗಳೂ, ಮೊಮ್ಮಕ್ಕಳೂ. ಕ್ಲೊರಿಂದಾ, ಆ ಲಾಂಛನ ತೆಗೆಯೋದೇ ಬೇಡ. ಮೇಯರ್‌ಗೆ ಹೇಳಿ ಹೆಸರೊಂದು ತಿದ್ದಿಸಿದ್ರೆ ಆಯ್ತು. ನಾನೇ ಹೋಗಿ ಹೇಳ್ತೀನಿ."

ಕ್ಲೊರಿಂದಾ ಅವನ ಮುಂದಿನ ತಟ್ಟೆಯನ್ನು, ಅದರಲ್ಲಿ ಇನ್ನೂ ಪಾಸ್ತಾ ಇರುವಂತೆಯೇ, ತನ್ನ ಕಡೆ ಎಳೆದುಕೊಂಡಳು.

"ನಮ್ಮಜ್ಜಿ ಹೆಸರೇನು?"

"ಯಾರು, ಕೊಸ್ತಾನ್ಸಾ?"

"ಅದು ಮುತ್ತಜ್ಜಿ. ನಾನು ಕೇಳ್ತಿರೋದು ಅಜ್ಜಿ. ನಮ್ಮ ಮದ್ವೆಗೆ ಮಂಚ ಕೊಟ್ಟೋಳು. ಭಾನುವಾರ ಭಾನುವಾರ ನಿಂಗೆ ಕುರಿಮಾಂಸ ಬಡಿಸಿದೋಳು. ಅವಳ ಶವಪೆಟ್ಟಿಗೆಗೆ ನೀನೂ ಹೆಗಲು ಕೊಟ್ಟಿದ್ದೆ."

ಎಜಿದಿಯೊ ಬಾಯಿ ತೆರೆದ. ಆ ಮುದುಕಿಯ ಮುಖ ಅವನ ಕಣ್ಣಮುಂದೆ ಚೆನ್ನಾಗಿ ಬಂತು, ಕೆನ್ನೆಯ ಮೇಲಿನ ಗಂಟು ಸಮೇತ. ಆ ಕುರಿಮಾಂಸದ ರುಚಿಯೂ ನಾಲಗೆಗೆ ಬಂತು. ಅಷ್ಟೂ ವರ್ಷ ಅವನು ಅವಳನ್ನು ಕರೆದದ್ದು ಒಂದೇ ಹೆಸರಿನಿಂದ.

"ಅಜ್ಜಿ," ಎಂದ.

ಕ್ಲೊರಿಂದಾ ಎದ್ದು ಬಾಗಿಲು ತೆರೆದಳು.

"ಹೋಗಿ ಹುಡುಕ್ಕೊಂಡು ಬಾ. ಕಚೇರಿ ದಾರಿ ಗೊತ್ತಲ್ಲ. ಒರೆಸ್ತೆನ ಕೇಳಬೇಡ, ಹೇಳಬಾರ್ದು ಅಂತ ಅವನಿಗೆ ಆಗಲೇ ಹೇಳಿಟ್ಟಿದ್ದೀನಿ."

ಅವನು ದಿಬ್ಬ ಇಳಿದು ಓಡಿದ. ಅಂದು ಶನಿವಾರ ಮಧ್ಯಾಹ್ನ. ಒಲಿಂಪಿಯಾ ಕಚೇರಿಗೆ ಬೀಗ ಹಾಕಿ ಆಗಲೇ ಮನೆಗೆ ಹೋಗಿದ್ದಳು, ಇನ್ನು ತೆರೆಯುವುದು ಸೋಮವಾರವೇ.